ಗೆರೆಯಿಲ್ಲದ ಯುದ್ಧ

ಪಾಂಡವಪುರದಲ್ಲಿ ವಿಡಿಯೊ ಕ್ಯಾಸೆಟ್ ರಿಪೇರಿಯವನೊಬ್ಬನಿದ್ದ. ಬೂಷ್ಟು ಹಿಡಿದ ಹಳೆಯ ಸಿನಿಮಾಗಳಿಗೆ ತಾನೇ ಧನ್ವಂತರಿ ಎಂಬ ಗತ್ತು. ಹಾಳಾದ ಟೇಪು ಕತ್ತರಿಸಿ, ಉಳಿದದ್ದನ್ನು ಅಂಟಿಸಿ, "ತಕಳಿ, ಟೀವಿ ಮೇಲೆ ಒಂದು ಗೆರೆ ಬಂದ್ರೂ ಕೇಳಿ" ಎನ್ನುತ್ತಿದ್ದ. ಅರ್ಧ ಕಥೆ ಮಾಯವಾಗಿರುತ್ತಿತ್ತು, ಗೆರೆಯಂತೂ ಇರುತ್ತಿರಲಿಲ್ಲ.

ಒಮ್ಮೆ ಚಿನಕುರಳಿಯ ಅಜ್ಜಿಯೊಬ್ಬರು ಕಪ್ಪುಬಿಳುಪಿನ ಯುದ್ಧದ ಚಿತ್ರವೊಂದನ್ನು ತಂದರು. ಮಿಲಿಟರಿಯಲ್ಲಿದ್ದು ತೀರಿಕೊಂಡ ಅವರ ಗಂಡ ಅದರಲ್ಲಿ ಒಂದು ಕ್ಷಣ ಸಿಪಾಯಿಗಳ ಸಾಲಿನಲ್ಲಿ ನಡೆದುಹೋಗುತ್ತಾರಂತೆ. ರಿಪೇರಿ ಮುಗಿಸಿ ಇವನು ಅಂಗಡಿಯಲ್ಲೇ ಹಾಕಿ ತೋರಿಸಿದ. ಒಂದು ಗೆರೆಯೂ ಇರಲಿಲ್ಲ, ಗಂಡನೂ ಇರಲಿಲ್ಲ.

"ನಮ್ಮೆಜಮಾನ್ರು ಎಲ್ಲಪ್ಪ?"

"ಒಂದ್ಕಡೆ ಟೇಪು ಪೂರಾ ಸವೆದೋಗಿತ್ತು ಕಣವ್ವ. ಕಿತ್ತಾಕ್ಬುಟ್ಟೆ."

"ಅದನ್ನೇ ಕಣಪ್ಪ, ನಾನು ದಿನಾ ನಿಲ್ಸಿ ನಿಲ್ಸಿ ನೋಡ್ತಿದ್ದುದು."

ಧನ್ವಂತರಿ ಕಸದ ಬುಟ್ಟಿಯನ್ನು ಬೋರಲು ಹಾಕಿದ. ಊರವರೆಲ್ಲರ ಸಿನಿಮಾಗಳ ಕಪ್ಪು ಟೇಪಿನ ಚೂರುಗಳು ಬಿದ್ದವು, ಎಲ್ಲವೂ ಒಂದೇ ಥರ.