ಮರಿಯಣ್ಣನ ಗೂಡು, ನನ್ನ ‘ನೋಡೋಣ’

ರೇಷ್ಮೆಹುಳು ಸಾಕುವ ತನ್ನ ಹುಳುಮನೆಗೆ ಯಾರೇ ಬರಲಿ, ಮರಿಯಣ್ಣ ಮೊದಲು ಅವರ ಕೈ ಮೂಸುತ್ತಿದ್ದ. ತಾಲ್ಲೂಕಿನ ಸಾಹೇಬರಾದರೂ ಸರಿ, ಬೀಗರಾದರೂ ಸರಿ, ಹೊಸ್ತಿಲ ಹೊರಗೆ ನಿಂತು ಎರಡೂ ಅಂಗೈ ಚಾಚಬೇಕು. ಬೀಡಿ, ಬೆಳ್ಳುಳ್ಳಿ, ಸೆಂಟು, ಯಾವುದರ ವಾಸನೆ ಬಂದರೂ ವಾಪಸ್. “ನನ್ ಹುಳೀಗೆ ಆಗಕಿಲ್ಲ ಕಣಪ್ಪ, ಬೇಜಾರ್ ಮಾಡ್ಕಬ್ಯಾಡಿ” ಎಂದು ನಗುತ್ತಲೇ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ. ಮೊದಲ ದಿನ ನನ್ನನ್ನೂ ಹೊರಗೇ ನಿಲ್ಲಿಸಿದ. ಪ್ರಯೋಗಾಲಯದಲ್ಲಿ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುವವಳು ನಾನು! ಮೈಯೆಲ್ಲ ಉರಿದುಹೋಯಿತು. “ಅದೇನೋ ಆಸ್ಪತ್ರೆ ವಾಸ್ನೆ ಐತೆ ಮೇಡಮ್ಮೋರೆ, ಬರೀ ನೀರಲ್ಲಿ ಇನ್ನೊಂದ್ಸಲ ತೊಳ್ಕೊಂಡ್ ಬನ್ನಿ” ಎಂದ. ಗೊಣಗಿಕೊಂಡೇ ತೊಳೆದುಕೊಂಡೆ.

ಅವನ ಊರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ರೇಷ್ಮೆಗೂಡಿಗೆ ಹಿಂದೆಂದೂ ಕಾಣದ ಬೆಲೆ ಬಂದಿದ್ದ ವರ್ಷಗಳವು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ರಾಮನಗರದ ಮಾರ್ಕೆಟ್ಟಿನ ಮುಂದೆ ಬೆಳಗಾಗುವುದರೊಳಗೆ ಗೂಡು ಹೊತ್ತ ಆಟೋಗಳ ಸಾಲು. ಅಂಥ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಎರಡೋ ಮೂರೋ ಕೆಜಿ ಗೂಡು, ಅದೂ ಒಂದೊಂದನ್ನೂ ಕತ್ತರಿಸಿ ಒಳಗಿನ ಹುಳು ತೆಗೆದು ಬರೀ ಗೂಡನ್ನು ಕೊಡಬೇಕು. ಯಾರಿಗೆ ಪುರುಸೊತ್ತು? ನಾನೂ ಪಕ್ಕದ ಚನ್ನಪಟ್ಟಣದವಳೇ ಎಂಬ ಸಲಿಗೆಯಲ್ಲಿ ಕೇಳಿದರೆ ನಾಲ್ಕು ಮಂದಿ “ಮುಂದಿನ ಬೆಳೆಗೆ ನೋಡವ” ಎಂದು ಜಾರಿಕೊಂಡರು. ಮರಿಯಣ್ಣ ಮಾತ್ರ “ಯಾತಕ್ಕೆ?” ಎಂದು ಕೇಳಿದ.

ಹೇಳಿದೆ. ಗೂಡನ್ನು ಸೋಡಾಪುಡಿ ಹಾಕಿದ ನೀರಿನಲ್ಲಿ ಕುದಿಸಿ ಅಂಟು ತೆಗೆದು, ಉಳಿದ ಎಳೆಯನ್ನು ಕರಗಿಸಿ ಸ್ಪಂಜಿನಂತೆ ಮಾಡುತ್ತೇವೆ. ಕಾಂಡಕೋಶ ಅಂತ ಇರುತ್ತವೆ, ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನವಾಗದ ಎಳೆಯ ಜೀವಕೋಶಗಳು. ಅವನ್ನು ಪಳಗಿಸಿ, ಲಿವರಿನ ಕೋಶಗಳಾಗಿಸಿ, ಆ ಸ್ಪಂಜಿನ ಮೇಲೆ ಬೆಳೆಸುತ್ತೇವೆ. ಬರಿಯ ತಟ್ಟೆಯಲ್ಲಿಟ್ಟರೆ ಬೇಗ ತಮ್ಮ ಕೆಲಸ ಮರೆತುಬಿಡುತ್ತವೆ, ಹಿಡಿದು ಕೂರಲು ಆಸರೆ ಬೇಕು. ಮುಂದೊಂದು ದಿನ ಲಿವರ್ ಕೈಕೊಟ್ಟವರ ರಕ್ತವನ್ನು ಮೈಯಿಂದಾಚೆ ಇದರ ಮೂಲಕ ಹಾಯಿಸಿ, ನಾಲ್ಕು ದಿನ ಜೀವ ಹಿಡಿದಿಡಬಹುದು ಎಂಬ ಆಸೆ.

“ಓ, ಚಂದ್ರಿಕೆ ಅನ್ನಿ!” ಎಂದ ಮರಿಯಣ್ಣ. ಮೇವು ಬಿಟ್ಟು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. “ನನ್ ಹುಳೀಗೂ ಅಷ್ಟೇಯ. ಹಿಡ್ಕಳಕ್ಕೆ ಒಂದ್ ಆಸ್ರೆ ಸಿಗ್ದಿದ್ರೆ ನೂಲೆಲ್ಲ ನೆಲಕ್ಕೆ ಚೆಲ್ಕಂಡ್ ಸಾಯ್ತದೆ.” ನಾನು ವರ್ಷಗಟ್ಟಲೆ ಓದಿ ಬರೆದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ, ಪುಣ್ಯಾತ್ಮ. ಅವತ್ತಿನಿಂದ ಪ್ರತಿ ಬೆಳೆಗೂ ತನ್ನ ಗೂಡಿನಲ್ಲಿ ಒಳ್ಳೆಯದನ್ನೇ ಆರಿಸಿ ನನಗೆ ಎತ್ತಿಡುತ್ತಿದ್ದ. ಹಣ ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದ.

ಅವನ ಕಣ್ಣು ಹಳದಿಯಾಗಿದ್ದದ್ದು ಎರಡನೇ ಭೇಟಿಯಲ್ಲೇ ನನಗೆ ಕಂಡಿತ್ತು. ಯಾವ ಕಾಲದಲ್ಲೋ ತಗುಲಿದ ಸೋಂಕು ಒಳಗೊಳಗೇ ಲಿವರನ್ನು ಹಾಳುಮಾಡಿ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳತೊಡಗಿತ್ತು. ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಆದರೂ ‘ಕದ್ದು ಕುಡೀತಿದ್ನೇನೋ’ ಎಂದು ಊರಲ್ಲಿ ಆಡಿಕೊಳ್ಳುವವರಿದ್ದರು. ಅದು ಅವನನ್ನು ಕಾಯಿಲೆಗಿಂತ ಹೆಚ್ಚು ಸುಡುತ್ತಿತ್ತು. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮರಳವಾಡಿಗೆ ಕೊಟ್ಟಿದ್ದ ತಂಗಿ ಸಾಕಮ್ಮ ಬಂದು ಹೋಗಿ ನೋಡಿಕೊಳ್ಳುತ್ತಿದ್ದಳು.

ಒಂದು ದಿನ ಹುಳುಗಳಿಗೆ ಸೊಪ್ಪು ಹರಡುತ್ತ, ನನ್ನ ಕಡೆ ತಿರುಗದೆ ಕೇಳಿದ. “ನೀವ್ ಮಾಡ್ತಿರೋ ಅದು ನಂಗಾಯ್ತದೇನವ್ವ?”

ಆಗುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾವಿನ್ನೂ ಇಲಿಗಳ ಹಂತವನ್ನೇ ದಾಟಿರಲಿಲ್ಲ. “ನೋಡೋಣ, ಮರಿಯಣ್ಣ” ಎಂದೆ. ಎದುರಿಗೆ ನಿಂತು ‘ಇಲ್ಲ’ ಅನ್ನಲು ಬಾಯಿ ಬರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪೂರ್ತಿ ನಿಜವಲ್ಲ ಅದು. ಇಲ್ಲ ಅಂದರೆ ಗೂಡು ನಿಂತುಹೋದೀತು ಎಂಬ ಭಯವೂ ಒಳಗಿತ್ತು. ಅವನಿಗೆ ಅಂಥ ಬುದ್ಧಿ ಇರಲಿಲ್ಲ, ಇದ್ದದ್ದು ನನಗೇ.

ನಾಲ್ಕೈದು ತಿಂಗಳು ಕಳೆದವು. ಒಮ್ಮೆ ಅವನು ಕೊಟ್ಟ ಗೂಡಿನ ಮೇಲೆ ಬಿಟ್ಟ ಕೋಶಗಳೆಲ್ಲ ಎರಡೇ ದಿನಕ್ಕೆ ಸತ್ತುಹೋದವು. ಏನು ಮಾಡಿದರೂ ಕಾರಣ ಸಿಗಲಿಲ್ಲ. ತಲೆ ಕೆಟ್ಟು ಬಸ್ಸು ಹತ್ತಿ ನೇರ ಗುಡೇಮಾರನಹಳ್ಳಿಗೆ ಹೋದೆ. ಮರಿಯಣ್ಣ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಹೊಟ್ಟೆ ಉಬ್ಬಿ, ಕಾಲು ಬಾತಿದ್ದವು. ಪಕ್ಕದಲ್ಲಿ ಸಾಕಮ್ಮ.

“ಈ ಸಲ ಗೂಡಿಗೆ ಏನಾದರೂ ಹಾಕಿದ್ರಾ?” ಎಂದು ಕೇಳಿದೆ.

ಮುಖ ಅರಳಿತು. “ಫಾರ್ಮಲಿನ್ ಹೊಡ್ದು ಒಂದಿನ ಪೂರ್ತಿ ಬಾಗ್ಲು ಮುಚ್ಚಿಟ್ಟಿದ್ದೆ. ನನ್ ಹೊಟ್ಟೆ ಒಳಕ್ಕೆ ಹೋಗೋ ಸಾಮಾನಲ್ವಾ? ಒಸಿ ಮಡಿಯಾಗಿರ್ಲಿ ಅಂತ.”

ಹೊಸ ಬೆಳೆಗೆ ಮುಂಚೆ ಹುಳುಮನೆಯ ರೋಗ ಹೋಗಲೆಂದು ಎಲ್ಲರೂ ಹಾಗೆಯೇ ಮಾಡುತ್ತಾರೆ. ಅದೇ ಅಕ್ಕರೆಯಲ್ಲಿ ನನ್ನ ಗೂಡಿಗೂ ಮಾಡಿದ್ದ. ಕುದಿಸಿದರೂ ಎಳೆಯಲ್ಲಿ ಉಳಿದಿದ್ದ ಆ ಮದ್ದೇ ಕೋಶಗಳನ್ನು ಕೊಂದಿತ್ತು. ಆದರೆ ನನ್ನ ಕಿವಿಯಲ್ಲಿ ನಿಂತದ್ದು ‘ನನ್ ಹೊಟ್ಟೆ ಒಳಕ್ಕೆ’ ಎಂಬ ಮಾತು.

ಸಾಕಮ್ಮ ಬಾಯಿ ಹಾಕಿದಳು. “ನೀವಾರ ಒಸಿ ಹೇಳಿ ಮೇಡಮ್. ನಾಲ್ಕ್ ತಿಂಗ್ಳ ಹಿಂದೇನೇ ನನ್ ಲಿವರ್ ಕೊಡ್ತೀನಿ ಅಂದೆ. ಡಾಕ್ಟ್ರು ಟೆಸ್ಟೆಲ್ಲ ಮಾಡಿ, ಹೊಂದ್ತದೆ, ಅರ್ಧ ಕೊಟ್ರೂ ಮತ್ತೆ ಬೆಳ್ಕತದೆ ಅಂದವ್ರೆ. ನಮ್ಮೆಜಮಾನ್ರೂ ಒಪ್ಪವ್ರೆ. ಈವಯ್ಯ ಒಪ್ಪಾಕಿಲ್ಲ.”

“ನಿನ್ ಮೈ ಯಾಕವ್ವ ಕೊಯ್ಸದು?” ಎಂದ ಮರಿಯಣ್ಣ. “ಮೇಡಮ್ಮೋರು ನಂಗೆ ರೇಷ್ಮೇದು ಮಾಡ್ಕೊಡ್ತಾವ್ರೆ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜಗುಲಿಯ ಕೆಳಗೆ ನಿಂತುಕೊಂಡೇ ಎಲ್ಲ ಹೇಳಿದೆ. ನಾವು ಮಾಡುತ್ತಿರುವುದು ಇಡೀ ಲಿವರ್ ಅಲ್ಲ, ಹೊರಗಿನ ಆಸರೆ ಅಷ್ಟೇ. ಅದೂ ಮನುಷ್ಯರಿಗೆ ಸಿಗಲು ಇನ್ನೆಷ್ಟು ವರ್ಷವೋ. ಮರಿಯಣ್ಣನಿಗಂತೂ ಸಿಗುವುದಿಲ್ಲ. ಹೇಳುವಾಗ ನನಗೆ ಅಳು ಬಂತು, ಅದಕ್ಕೂ ನಾಚಿಕೆಯಾಯಿತು.

ಅವನು ಬಾತಿದ್ದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿ ಕೂತ. ಆಮೇಲೆ, “ಹುಳೀಗೆ ರೋಗ ಬಂದ್ರೆ ಕಂಡ ದಿನಾನೇ ಬೀದೀಗೆಲ್ಲ ಹೇಳ್ಬುಡ್ತೀನಿ ಕಣವ್ವ. ನಂದು ಹೋದ್ರೂ ಅಕ್ಕಪಕ್ಕದ್ದಾದ್ರೂ ಉಳ್ಕತದೆ. ನೀವ್ಯಾಕೆ ಹೇಳ್ನಿಲ್ಲ?” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನವೇ ಅಣ್ಣ ತಂಗಿ ಬೆಂಗಳೂರಿನ ಆಸ್ಪತ್ರೆಗೆ ಹೋದರು. ಹೊಟ್ಟೆಯ ನೀರಿಗೆ ಸೋಂಕು ತಗುಲಿತ್ತು, ಮೂತ್ರಪಿಂಡವೂ ಸೋಲುತ್ತಿತ್ತು. ಮೂರು ತಿಂಗಳ ಹಿಂದೆ ಬಂದಿದ್ದರೆ ಮಾಡಬಹುದಿತ್ತು, ಈಗ ಆಪರೇಷನ್ ತಡೆಯುವ ಶಕ್ತಿ ದೇಹಕ್ಕಿಲ್ಲ ಎಂದರು ಡಾಕ್ಟರು.

ಕೊನೆಯ ಸಲ ವಾರ್ಡಿನಲ್ಲಿ ನೋಡಿದಾಗ ಮಾತು ತೊದಲುತ್ತಿತ್ತು. ಆದರೂ ನನ್ನ ಗುರುತು ಹಿಡಿದ. “ಮದ್ದು ಹೊಡ್ಯಕ್ಕೆ ಮುಂಚೆ, ಹಿಂದ್ಲ ಬೆಳೆ ಗೂಡಲ್ಲಿ ಎಷ್ಟ್ ದಿನ ಬದುಕಿದ್ವು?” ಎಂದು ಕೇಳಿದ. “ಹದಿನಾರು ದಿನ” ಎಂದೆ. “ಪರ್ವಾಗಿಲ್ವೇ!” ಎಂದು ಕಣ್ಣು ಮುಚ್ಚಿಕೊಂಡ. ಎರಡು ದಿನಕ್ಕೆ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮೇಲೆ ಸಾಕಮ್ಮ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಸೀರೆಯ ಮೇಲೆಯೇ ಬಲಪಕ್ಕೆಗೆ ಅಂಗೈ ಒತ್ತಿ ಹಿಡಿದು, “ನನ್ನತ್ರ ಇತ್ತು ಮೇಡಮ್. ಕೊಡಕ್ಕೆ ಇತ್ತು” ಎಂದಳು. ಅಷ್ಟೇ.

ನಮ್ಮ ಕೆಲಸ ಆಗೊಮ್ಮೆ ಈಗೊಮ್ಮೆ ಪೇಪರಿನಲ್ಲಿ ಬರುತ್ತದೆ. ಬಂದಾಗಲೆಲ್ಲ ಎಲ್ಲೆಲ್ಲಿಂದಲೋ ಫೋನು. ಗಂಡನಿಗೆ, ಅಕ್ಕನಿಗೆ, ಅಪ್ಪನಿಗೆ ಲಿವರ್ ಹೋಗಿದೆ, ನಿಮ್ಮದು ಯಾವಾಗ ಸಿಗುತ್ತದೆ ಎಂದು ಕೇಳುತ್ತಾರೆ. ‘ಸಿಗುವುದಿಲ್ಲ’ ಎಂದು ಮೊದಲು ಹೇಳಿಬಿಡುತ್ತೇನೆ. ಕಲ್ಲು ಮನಸ್ಸಿನವಳು ಎಂದು ಕೆಲವರು ಬೈಯುತ್ತಾರೆ, ಬೈಯಲಿ. ಆಮೇಲೆ ಕೇಳುತ್ತೇನೆ, “ಮನೆಯಲ್ಲಿ ಯಾರಾದರೂ ಕೊಡ್ತೀನಿ ಅಂದಿದ್ದಾರಾ?” ಹೌದು ಅಂದರೆ, “ಹಾಗಾದರೆ ಫೋನಿಡಿ. ಇವತ್ತೇ ಕರ್ಕೊಂಡು ಹೊರಡಿ” ಅನ್ನುತ್ತೇನೆ.