ಕುರಿಯ ಕೂಗಿಗೆ ಎದ್ದವನು

ನಮ್ಮ ಹುಲ್ಲಪ್ಪನಂಥ ಮೊಂಡ ಮನುಷ್ಯ ಬಾದಾಮಿ ತಾಲೂಕಿನಲ್ಲೇ ಇನ್ನೊಬ್ಬನಿಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಬಂದು ಈಗ ಬನಶಂಕರಿ ಹತ್ತಿರ ಅಪ್ಪನ ಕುರಿಹಿಂಡು ನೋಡಿಕೊಂಡಿದ್ದಾನೆ. ಬಸ್ಸಿನ ಸೀಟಿಗೂ ಜಗಳಕ್ಕೆ ನಿಲ್ಲುವವ, ಯುದ್ಧದ ಮಾತು ತೆಗೆದರೆ ಮಾತ್ರ ಬಾಯಿಗೆ ಬೀಗ. ಗಡಿಯಲ್ಲಿ ಅವನ ಪಕ್ಕದಲ್ಲೇ ಸತ್ತ ನಮ್ಮೂರ ಮಾಳಿಂಗರಾಯನ ಬಗ್ಗೆ ಕೇಳಿದರೆ, "ಗುಂಡು ಬಿತ್ತು, ಹೋದ" ಎಂದು ಎದ್ದು ಹೋಗುತ್ತಿದ್ದ.

ಕಳೆದ ಚಳಿಗಾಲ ಯುದ್ಧದ ಸಿನಿಮಾ ತೆಗೆಯುವವರು ಬಂದರು. ನಮ್ಮ ಕೆಂಪು ಗುಡ್ಡವನ್ನೇ ಕಾಶ್ಮೀರ ಮಾಡುತ್ತಾರಂತೆ, ಏನು ಧೈರ್ಯ! ಸಾಮಾನು ಸಾಗಿಸಲು ನನ್ನ ಟೆಂಪೊ ಹಿಡಿದರು. ನಟರಿಗೆ ಬಂದೂಕು ಹಿಡಿಯುವುದನ್ನು ಕಲಿಸಲು ಹುಲ್ಲಪ್ಪನನ್ನು ಕರೆದರು. ಆ ನಿರ್ದೇಶಕ ಏನು ಮಂಕುಬೂದಿ ಎರಚಿದನೋ, ಯಾರಿಗೂ ಹೇಳದ್ದನ್ನು ಹುಲ್ಲಪ್ಪ ಅವನಿಗೆ ಹೇಳಿಬಿಟ್ಟ.

ಮಾಳಿಂಗ ಸತ್ತ ದಿನ ನಸುಕಿನಲ್ಲಿ ಗಬ್ಬದ ಕುರಿಯೊಂದು ಗಡಿಯ ಮುಳ್ಳುತಂತಿಗೆ ಸಿಕ್ಕಿ ಒದರುತ್ತಿತ್ತು. ಬೇರೆ ಯಾರೇ ಆಗಿದ್ದರೂ ತೆಪ್ಪಗೆ ಮಲಗಿರುತ್ತಿದ್ದರು. ಕುರಿಗಾರನ ಮಗ ಹುಲ್ಲಪ್ಪ ಬಿಡಿಸಲು ಎದ್ದುಬಿಟ್ಟ. ಆ ಕಡೆಯಿಂದ ಗುಂಡು ಹಾರಿತು. ಮಾಳಿಂಗ ಇವನನ್ನು ಕೆಡವಿ ಮೇಲೆ ಬಿದ್ದ, ಗುಂಡು ಅವನಿಗೆ ತಗುಲಿತು.

ನಿರ್ದೇಶಕನಿಗೆ ಕಥೆ ಹಿಡಿಸಿತು. ಆದರೆ ಸಿನಿಮಾದ ನಾಯಕ ತಪ್ಪು ಮಾಡಬಹುದೇ? ಕುರಿಗಾಗಿ ಎದ್ದವನು ಮಾಳಿಂಗ, ಅವನನ್ನು ಉಳಿಸಲು ಹಾರಿದವನು ಹುಲ್ಲಪ್ಪ ಎಂದು ತಿರುಚಿ ಬರೆದ. ಹೆಸರುಗಳನ್ನೂ ಬದಲಿಸಿರಲಿಲ್ಲ, ಪುಣ್ಯಾತ್ಮ.

"ಖರೆ ಹೇಳಿದ್ದು ಇದಕ್ಕೇನ್ರಿ?" ಎಂದು ಹುಲ್ಲಪ್ಪ ಗುಡುಗಿದ.

"ಯಾರಿಗೆ ಗೊತ್ತಾಗುತ್ತೆ ಬಿಡಿ. ನೀವೇ ಹೀರೋ ಆಗ್ತೀರಲ್ಲ" ಎಂದ ನಿರ್ದೇಶಕ.

ಅದೇ ಹೊತ್ತಿಗೆ ಮಾಳಿಂಗನ ತಾಯಿ ಹುಚ್ಚವ್ವ ಶೂಟಿಂಗ್ ನೋಡಲು ಬಂದಿದ್ದಳು. ಮಗನ ಪಾರ್ಟು ಇದೆಯೆಂದು ನಾನೇ ಕರೆತಂದಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವಳನ್ನು ಕಂಡು ಹುಲ್ಲಪ್ಪನ ಮುಖ ಸಪ್ಪಗಾಯಿತು. ಮಾಳಿಂಗ ಸತ್ತಾಗಿನಿಂದ ಹದಿನಾಲ್ಕು ವರ್ಷ, ಊರಿಗೆ ಬಂದಾಗಲೆಲ್ಲ ಅವಳ ಕೈಯ ರೊಟ್ಟಿ ತಿಂದು, ಅವಳಿಗೆ ಮಗನ ಜಾಗದಲ್ಲಿದ್ದವನು. ಬಾಯಿಬಿಟ್ಟರೆ ಆ ಮನೆಯ ಬಾಗಿಲು ಮುಚ್ಚಬಹುದು. ಆದರೂ ಹೋಗಿ ಕ್ಯಾಮೆರಾಕ್ಕೆ ಅಡ್ಡ ನಿಂತ.

"ಯವ್ವಾ, ಇವ್ರು ಸುಳ್ಳು ಸಿನಿಮಾ ತಗ್ಯಾಕತ್ತಾರ. ತಂತ್ಯಾಗ ಸಿಕ್ಕಿದ್ದ ಕುರಿ ಬಿಡಸಾಕ ಎದ್ದಾಂವ ನಾ. ನನ್ನ ತಪ್ಪಿಗೆ, ನನ್ನ ಉಳಸಾಕ ಬಂದು ನಿನ್ನ ಮಗ ಸತ್ತ. ಇಷ್ಟು ವರ್ಷ ಹೇಳಾಕ ಅಂಜಿದ್ನಿ."

ಹುಚ್ಚವ್ವ ಎದ್ದು ಬಂದು ಅವನ ಕಪಾಳಕ್ಕೆ ಬಾರಿಸಿದಳು. ಆಮೇಲೆ ಅಲ್ಲೇ ಕುಸಿದು ಸೆರಗು ಬಾಯಿಗಿಟ್ಟು ಅತ್ತಳು. ನನಗೂ ತಡೆಯಲಾಗಲಿಲ್ಲ.

"ಆ ಕುರಿ ಉಳೀತೇನೋ?" ಎಂದು ಕಡೆಗೆ ಕೇಳಿದಳು.

"ಗೊತ್ತಿಲ್ಲ ಯವ್ವಾ. ಮಾಳಿಂಗನ್ನ ಹೊತ್ಕೊಂಡಿದ್ನಿ, ಹೊಳ್ಳಿ ನೋಡ್ಲಿಲ್ಲ."

ಅವಳು ಕಣ್ಣೊರೆಸಿಕೊಂಡು ನಿರ್ದೇಶಕನ ಕಡೆ ತಿರುಗಿದಳು. "ಕುರಿ ಒದರೂದು ಕೇಳಿ ನನ್ನ ಮಗನೂ ಸುಮ್ಮನ ಕುಂಡ್ರತಿದ್ದಿಲ್ಲರಿ. ಇಂವ ಮೊದಲ ಎದ್ದ, ಅಷ್ಟ. ನನ್ನ ಮಗ ಇವನ್ನ ಉಳಿಸಿದ್ದನ್ನ ಸಿನಿಮಾದಾಗ ಇದ್ದಂಗ ತೋರಸ್ರಿ."

ಹುಲ್ಲಪ್ಪ ಅವಳ ಪಕ್ಕ ಕುಳಿತ. ನಿರ್ದೇಶಕ ತಾನು ತಿರುಚಿ ಬರೆದಿದ್ದ ಹಾಳೆ ಹರಿದು ಬೇರೆ ಬರೆಯುವತನಕ ಇಬ್ಬರೂ ಕ್ಯಾಮೆರಾದ ಮುಂದಿನಿಂದ ಏಳಲಿಲ್ಲ.