ಕೈ ಚಾಚಿದಷ್ಟು ಜಾಗ

ಹೊಂಗೆ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ಕಾಮಸಮುದ್ರದ ಪಕ್ಕದ ನಮ್ಮ ರಾಗಿ ಹೊಲ ನೆನಪಾಗುತ್ತದೆ. ಹೊಲದ ನಟ್ಟನಡುವೆ ಎದೆಮಟ್ಟದ ವೀರಗಲ್ಲು. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ಯಾವನೋ ಪುಣ್ಯಾತ್ಮ ಅದರಲ್ಲಿ ಕತ್ತಿ ಎತ್ತಿ ನಿಂತಿದ್ದ. ನಿಮ್ಮ ಕಡೆಯ ಹೊಲಗಳಲ್ಲೂ ಇಂಥದ್ದೊಂದು ಇದ್ದೀತು. ಮೊದಲ ಉಳುಮೆಯ ದಿನ ಅಜ್ಜಿ ಅವನಿಗೆ ಎಣ್ಣೆ ಹಚ್ಚುತ್ತಿದ್ದಳು. ಆಮೇಲೆ ನಾನು ಒಂದು ಕೈ ಕಲ್ಲಿನ ಮೇಲಿಟ್ಟು, ಇನ್ನೊಂದನ್ನು ಹೊರಗೆ ಚಾಚಿ ಸುತ್ತು ಬರಬೇಕು. ಬೆರಳ ತುದಿ ಹೋದ ದಾರಿಯಲ್ಲಿ ತಾತ ಸುಣ್ಣ ಉದುರಿಸುತ್ತಾ ಬರುತ್ತಿದ್ದ. ಆ ಗೆರೆಯೊಳಗೆ ನೇಗಿಲು ಹೋಗುವಂತಿಲ್ಲ. ಅಳೆಯಲು ಕೋಲಿಲ್ಲವೇ ಎಂದು ಕೇಳಿದರೆ, "ಕೋಲಾದ್ರೆ ಆಸೆಗೆ ಮುರ್ಕೊಂಬಿಡ್ತೀವಿ, ಮಗೀನ ಕೈ ಮುರಿಯಾಕಾಯ್ತದಾ?" ಎನ್ನುತ್ತಿದ್ದ. "ನೀನ್ ಬೆಳ್ದಂಗೆಲ್ಲಾ ನನ್ ರಾಗಿ ಕಮ್ಮಿ ಆಯ್ತದಲ್ಲಮ್ಮೀ!" ಎಂದು ಗೋಳಾಡುತ್ತಲೂ ಇದ್ದ.

ತಾತ ಹೋದ, ಅಜ್ಜಿ ಹೋದಳು, ಎತ್ತುಗಳು ಹೋದವು. ಹೆಂಚಿನ ಮನೆ ಇದ್ದಲ್ಲಿ ಈಗ ಹಿತ್ತಲ ಹುಣಸೆಮರವೊಂದೇ. ಮದುವೆಯಾಗಿ ನಾನು ಕೆ.ಜಿ.ಎಫ್. ಸೇರಿದೆ. ಈ ಸಲ ಚಿಕ್ಕಪ್ಪನ ಮಗ ಮುನಿರಾಜ ಫೋನಿನಲ್ಲಿ, "ಅಕ್ಕಾ, ಟ್ರ್ಯಾಕ್ಟರ್ ಬಿಟ್ಟು ಒಲಾನೆಲ್ಲಾ ಒಂದೇ ಸಮ ಮಾಡ್ಸಿದೀನಿ" ಎಂದಾಗ ಮೊದಲು ನೆನಪಾದದ್ದು ವೀರಗಲ್ಲು. ಕಲ್ಲಿನ ಮಾತೆತ್ತಲು ಧೈರ್ಯ ಬರಲಿಲ್ಲ. ಮಾರನೆಯ ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆಯಲ್ಲಿಳಿದು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅವನನ್ನು ಮನಸಾರೆ ಬೈದುಕೊಂಡೇ ಹೋದೆ.

ಬದುವಿನ ಮೇಲೆ ನಿಂತು ನೋಡಿದರೆ ಕಲ್ಲು ಇದ್ದಲ್ಲೇ ಇತ್ತು. ಬುಡದ ತುಂಬೆಗಿಡಗಳೂ ಇದ್ದವು. ಕೆಮ್ಮಣ್ಣಿನ ಸಾಲುಗಳು ಹತ್ತಿರ ಬಂದು, ಬಾಗಿ, ಬಳಸಿಕೊಂಡು ಮುಂದೆ ಹೋಗಿದ್ದವು. ಹೋದ ಜೀವ ಬಂದಂತಾಗಿ ಅಲ್ಲೇ ಕುಳಿತುಬಿಟ್ಟೆ. ಅಷ್ಟರಲ್ಲಿ ಮುನಿರಾಜನೂ ಬಂದ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಯಾಕ್ಲಾ ಇಷ್ಟೇ ಜಾಗ ಬಿಟ್ಟಿದೀಯ?"

"ನನ್ ಮಗಳ್ ಕೈ ಇರೋದೇ ಅಷ್ಟು ಕಣಕ್ಕ. ಡ್ರೈವರ್ ಬರಾಕ್ ಮುಂಚೇನೇ ಸುತ್ತು ಬರ್ಸಿ ಸುಣ್ಣ ಆಕ್ದೆ."

ತಾತ ಹೋದಾಗ ಮುನಿರಾಜ ಇನ್ನೂ ಹುಟ್ಟಿರಲಿಲ್ಲ. "ನಿನಗ್ಯಾರ್ ಏಳ್ಕೊಟ್ರೋ?" ಎಂದೆ.

"ನೀನೇ ಅಲ್ವಾ? ನಾನು ಚಿಕ್ಕೋನಿದ್ದಾಗ ನನ್ ಕೈ ಇಡ್ಕೊಂಡು ಸುತ್ತಿಸ್ತಿದ್ದೆ."

ಅದು ನನಗೆ ಮರೆತೇ ಹೋಗಿತ್ತು. ಎದ್ದು ಹೋಗಿ ಒಂದು ಕೈ ಕಲ್ಲಿನ ಮೇಲಿಟ್ಟು ಇನ್ನೊಂದನ್ನು ಚಾಚಿದೆ. ಬೆರಳು ಗೆರೆ ದಾಟಿ ಅವನ ಸಾಲಿನ ಮೇಲೆ ನಿಂತಿತು.

"ಸಾಕು ಬಾರಕ್ಕೋ, ನನ್ ರಾಗಿ ಕಮ್ಮಿ ಆಯ್ತದೆ!"

ನಕ್ಕೆ, ಅತ್ತೆ. ಅಂಗೈಗೆ ಹೊಂಗೆ ಎಣ್ಣೆ ಅಂಟಿತ್ತು. ಮನೆ ಸೇರುವವರೆಗೂ ಕೈ ತೊಳೆಯಲಿಲ್ಲ.